ಅರಿಶಿನ ನೀರು ಕುಡಿದ ಕಲ್ಲುಕೂಚ

ನಮ್ಮ ಮನೆಯ ಹಿಂಬಾಗಿಲು ತೆಗೆದರೆ ಹಿತ್ತಿಲು ಇರುವುದು ಐದು ಅಡಿ ಕೆಳಗೆ. ಗೌರಿಬಿದನೂರಿಗೆ ಹತ್ತಿರದ ಈ ಊರಿನಲ್ಲಿ ಮನೆ ಕಟ್ಟಿಸುವಾಗ ನಮ್ಮ ಮಾವ ಬಂಡೆ ಒಡೆಸುವ ಗೋಜಿಗೇ ಹೋಗಲಿಲ್ಲ, ಬಂಡೆಯ ಮೇಲೆಯೇ ಪಾಯ ಎಬ್ಬಿಸಿಬಿಟ್ಟರು. ಹಿಂದುಗಡೆ ಒಂಬತ್ತು ಕಡಿದಾದ ಮೆಟ್ಟಿಲು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಮೆಟ್ಟಿಲಲ್ಲಿ ಎರಡು ಸಲ ಜಾರಿ ಬಿದ್ದಿದ್ದೇನೆ. ನಮ್ಮ ಅತ್ತೆ ಮಾತ್ರ ತಲೆಯ ಮೇಲೆ ಬಿಂದಿಗೆ, ಸೊಂಟದಲ್ಲೊಂದು ಬಿಂದಿಗೆ ಇಟ್ಟುಕೊಂಡು ನಲವತ್ತು ವರ್ಷ ಹತ್ತಿ ಇಳಿದವರು, ಒಮ್ಮೆಯೂ ಎಡವಿದವರಲ್ಲ.

ಅಂಥ ಅತ್ತೆ ಬಿದ್ದದ್ದು ಬಚ್ಚಲುಮನೆಯಲ್ಲಿ. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ವಾಕರ್ ಹಿಡಿದು ಮನೆಯೊಳಗೆ ಓಡಾಡುವಷ್ಟು ಸುಧಾರಿಸಿಕೊಂಡರು. ಮೆಟ್ಟಿಲು ಮಾತ್ರ ಇನ್ನು ಆಗದು ಎಂದರು ಡಾಕ್ಟರು. ಮನೆಯ ಮುಂದೆ ನೇರವಾಗಿ ರಸ್ತೆ, ಲಾರಿ, ಧೂಳು. ಅತ್ತೆಯ ಲೋಕ ಇದ್ದದ್ದೆಲ್ಲ ಹಿಂದೆ. ಹುಣಸೆಮರ, ಅದರಾಚೆ ಜೋಳದ ಹೊಲ, ಸಾಯಂಕಾಲ ಹುಲ್ಲು ಹೊತ್ತು ಬರುವ ಹೆಂಗಸರು, ಅವರ ಜೊತೆ ಅರ್ಧ ಗಂಟೆ ಮಾತು. ಆರು ತಿಂಗಳು ಅವರು ಹಿಂಬಾಗಿಲ ಹೊಸ್ತಿಲಿನ ಒಳಗೆ ಕುರ್ಚಿ ಹಾಕಿಕೊಂಡು ಕೂತರು. ಕೆಳಗಿನಿಂದ ಹೆಂಗಸರು ಕತ್ತೆತ್ತಿ ಕೂಗಿ ಮಾತಾಡಿಸುತ್ತಿದ್ದರು. ಅತ್ತೆಗೆ ಕಿವಿ ಸ್ವಲ್ಪ ಮಂದ. ಒಂದು ದಿನ ಅವರು ಬಾಗಿಲು ಹಾಕಿಸಿಬಿಟ್ಟರು. "ಕೂಗಿ ಕೂಗಿ ಅವರ ಗಂಟ್ಲು ಹೋಗ್ತದೆ, ಬಿಡ್ರಮ್ಮ" ಅಂದರು.

ಹೊಸ್ತಿಲಿನ ಮಟ್ಟಕ್ಕೇ ಹಿತ್ತಿಲಿನ ಮೇಲೆ ಒಂದು ಜಗಲಿ ಚಾಚಿಸಿದರೆ ಹೇಗೆ ಎಂಬ ಯೋಚನೆ ನನ್ನ ಗಂಡನದು. ಫೋನಿನಲ್ಲಿ ವಿಡಿಯೋ ನೋಡಿ ಅವರು ಅದನ್ನು ಡೆಕ್ಕು ಅನ್ನುತ್ತಿದ್ದರು. ಎಂಟು ಕಂಬ, ಮೇಲೆ ಕಬ್ಬಿಣದ ಗರ್ಡರು, ಅದರ ಮೇಲೆ ಹಲಗೆ, ಸುತ್ತ ಕಟಕಟೆ. ಅತ್ತೆ ಕೇಳಿಸಿಕೊಂಡು, "ಹೊಲ ಕಾಯಕ್ಕೆ ಹಾಕ್ತಿದ್ವಲ್ಲ, ಆ ಮಂಚೆ ತಾನೆ? ಅದಕ್ಕ್ಯಾಕಪ್ಪ ಇಂಗ್ಲಿಷು" ಅಂದರು. ಅಲ್ಲಿಂದ ಅದು ಮನೆಮಂದಿಗೆಲ್ಲ ಮಂಚೆಯೇ ಆಯಿತು.

ಕಂಬಕ್ಕೆ ಏನು ಹಾಕುವುದು ಎಂಬ ಪ್ರಶ್ನೆ ಏಳುವ ಮೊದಲೇ ನಮ್ಮ ಭಾವ ಉತ್ತರ ಕಳಿಸಿದ್ದರು. ನನ್ನ ಗಂಡನ ಅಣ್ಣ ಇರುವುದು ಚಿಂತಾಮಣಿಯ ಆಚೆ, ಅಂಬಾಜಿದುರ್ಗದ ಬುಡದ ಜಮೀನಿನಲ್ಲಿ. ಮಾವ ಅಲ್ಲಿ ದ್ರಾಕ್ಷಿ ತೋಟ ಮಾಡಿದ್ದರು. ದ್ರಾಕ್ಷಿ ಚಪ್ಪರಕ್ಕೆ ನಮ್ಮ ಕಡೆ ನೆಡುವುದು ಕಲ್ಲುಕೂಚ, ಏಳೆಂಟು ಅಡಿ ಉದ್ದದ, ಅಂಗೈ ಅಗಲಕ್ಕಿಂತ ಚೂರು ದಪ್ಪದ ಕಗ್ಗಲ್ಲಿನ ಕಂಬ. ಹೋದ ವರ್ಷ ಭಾವ ದ್ರಾಕ್ಷಿ ತೆಗೆದು ಬೇರೆ ಬೆಳೆಗೆ ಹೋದಾಗ ಕೂಚಗಳು ಮೂಲೆ ಸೇರಿದ್ದವು. "ಅಪ್ಪ ನೆಟ್ಟ ಕಲ್ಲಿನ ಮೇಲೆ ಅಮ್ಮ ಕೂತ್ಕೋಬೇಕು, ಇದಕ್ಕಿಂತ ಇನ್ನೇನ್ ಬೇಕು?" ಎಂದು ಫೋನಿನಲ್ಲೇ ಗದ್ಗದರಾದ ಭಾವ, ಎರಡು ದಿನ ಕಳೆದು ಹತ್ತು ಕೂಚಗಳನ್ನು ಕ್ಯಾಂಟರಿನಲ್ಲಿ ಹೇರಿಕೊಂಡು ತಾವೇ ಬಂದಿಳಿದರು.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ತಪಾಸಣೆ ವಿಭಾಗದವಳು. ಎರಕ ಹೊಯ್ದ ಕಬ್ಬಿಣದ ಬಿಡಿಭಾಗಗಳು ನನ್ನ ಮೇಜಿಗೆ ಬರುತ್ತವೆ, ನಾನು ನೋಡಿ ಸರಿ ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುತ್ತೇನೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಇದೇ ಕೆಲಸ ಮಾಡಿ ನನ್ನ ಕಣ್ಣು ಕೆಟ್ಟುಹೋಗಿದೆ. ತರಕಾರಿ ಅಂಗಡಿಯಲ್ಲಿ ಬದನೆಕಾಯಿ ತಿರುಗಿಸಿ ತಿರುಗಿಸಿ ನೋಡುವುದಕ್ಕೆ ಅಂಗಡಿಯವನು ಬೈಯುತ್ತಾನೆ. ಮಗಳಿಗೆ ಬಂದ ಮೊದಲ ಗಂಡಿನ ಫೋಟೋ ನೋಡಿ ಕಿವಿ ಒಂದೇ ಮಟ್ಟದಲ್ಲಿಲ್ಲ ಅಂದಿದ್ದೆ. ಭಾವ ನನಗೆ ರಿಜೆಕ್ಟಮ್ಮ ಎಂದೇ ಹೆಸರಿಟ್ಟಿದ್ದರು. ಹೆಸರು ತಪ್ಪೇನಲ್ಲ. ಆದರೆ ಬಾಯಿ ಮಾತ್ರ ನಾನು ಹಿಡಿತದಲ್ಲಿ ಇಟ್ಟುಕೊಂಡವಳಲ್ಲ, ಅದು ನನ್ನದೇ ತಪ್ಪು.

ಕಲ್ಲು ಇಳಿಸುವಾಗಲೇ ಕೇಳಿದೆ. "ಭಾವ, ಇವನ್ನ ನೆಲದಿಂದ ಹೆಂಗೆ ಕಿತ್ರಿ?"

"ಹೆಂಗೆ ಅಂದ್ರೆ? ಜೆಸಿಬೀಲಿ. ಕತ್ತಿಗೆ ಚೈನ್ ಹಾಕಿ ಎಳೆದ್ರೆ ಮೂಲಂಗಿ ಬಂದಂಗೆ ಬಂದ್ವು."

"ಎಳೆದಾಗ ಬಿರುಕು ಬಿಟ್ಟಿರಲ್ವ?"

ಭಾವ ಲುಂಗಿ ಎತ್ತಿಕಟ್ಟಿಕೊಂಡು ನಕ್ಕರು. "ಜೆಸಿಬಿ ಎಳೆದಾಗಲೇ ಮುರೀದೆ ಇದ್ದಿದ್ದು ನಮ್ಮಮ್ಮ ಕೂತ್ರೆ ಮುರೀತದೇನಮ್ಮ? ಅಮ್ಮನ ತೂಕ ಎಷ್ಟು, ಜೆಸಿಬಿ ತೂಕ ಎಷ್ಟು?"

ಅಲ್ಲಿದ್ದವರೆಲ್ಲ ನಕ್ಕರು. ಕೇಳಲು ಚೆನ್ನಾಗಿಯೇ ಇತ್ತು ವಾದ. ಜೆಸಿಬಿಯ ಪೆಟ್ಟು ತಿಂದು ಮುರಿಯದೆ ಉಳಿದದ್ದು ಗಟ್ಟಿ ಎಂದು ಅವರ ಲೆಕ್ಕ. ಪೆಟ್ಟು ತಿಂದದ್ದು ಒಳಗೆ ಅರ್ಧ ಮುರಿದಿರಬಹುದು ಎಂದು ನನ್ನದು. ನನ್ನ ಗಂಡ ಕಣ್ಣಿನಲ್ಲೇ ಸುಮ್ಮನಿರು ಅಂದರು. ಅಣ್ಣನ ಮುಂದೆ ಅವರದು ಯಾವಾಗಲೂ ಕಣ್ಣಿನ ಭಾಷೆ.

ಅತ್ತೆಯ ತವರಿನ ಕಡೆ ಒಂದು ಪದ್ಧತಿ ಇದೆ. ಕಂಬ ನೆಡುವ ಮೊದಲು ಮೊದಲನೆಯ ಕಂಬಕ್ಕೆ ಅರಿಶಿನದ ನೀರಿನಲ್ಲಿ ಸ್ನಾನ ಮಾಡಿಸಿ, ಬಟ್ಟೆಯಲ್ಲಿ ಒರೆಸಿ, ಮೂರು ಕಡೆ ಸುಣ್ಣದ ಪಟ್ಟೆ ಎಳೆದು, ನಡುನಡುವೆ ಕುಂಕುಮ ಇಟ್ಟು ಕಾಯಿ ಒಡೆಯಬೇಕು. ಸಾಯಂಕಾಲ ಗಳಿಗೆ ಚೆನ್ನಾಗಿದೆ, ಬೆಳಗ್ಗೆ ಕಾಂಕ್ರೀಟು ಎಂದು ತೀರ್ಮಾನವಾಯಿತು. ಮೇಸ್ತ್ರಿ ಆಂಧ್ರದ ಗಡಿಯ ಊರಿನವನು, ಮರುದಿನ ಮಧ್ಯಾಹ್ನಕ್ಕೆ ಬೇರೆ ಕೆಲಸಕ್ಕೆ ಹೋಗಬೇಕಾದವನು. ಗುಂಡಿಗಳೆಲ್ಲ ಆಗಲೇ ತೋಡಿಸಿ ಆಗಿತ್ತು. ಭಾವ ಹತ್ತರಲ್ಲಿ ಅತ್ಯಂತ ನೇರವಾದ, ನೋಡಲು ಚೆಂದದ ಕೂಚ ಆರಿಸಿ ಎರಡು ಇಟ್ಟಿಗೆಯ ಮೇಲೆ ಮಲಗಿಸಿದರು. ಅದು ಈಶಾನ್ಯ ಮೂಲೆಗೆ ಎಂದರು. ಈಶಾನ್ಯ ಮೂಲೆಯಿಂದ ಹೊಲ ಚೆನ್ನಾಗಿ ಕಾಣುತ್ತದೆ, ಅತ್ತೆಯ ಕುರ್ಚಿ ಬರುವುದು ಅಲ್ಲಿಯೇ.

ಅತ್ತೆ ಹೊಸ್ತಿಲಿನಿಂದ ಹೇಳಿಕೊಡುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಒಂದು ಚೊಂಬು ಸಾಲದು, ಪೂರ್ತಿ ನೆನೀಲಿ ಅಂದರು. ಅರ್ಧ ಬಕೆಟ್ ಅರಿಶಿನ ನೀರು ಹುಯ್ದೆ. ಒರೆಸಿದೆ. ಸುಣ್ಣದ ಪಟ್ಟೆ ಎಳೆದೆ. ಕಾಯಿ ಒಡೆದು ಮಂಗಳಾರತಿ ಆಗಿ, ಎಲ್ಲರೂ ಕಾಫಿಗೆ ಕೂತೆವು. ಲೋಟ ಹಿಡಿದು ನಾನು ಮತ್ತೆ ಕಲ್ಲಿನ ಹತ್ತಿರ ಬಂದಾಗ ನಡುವಿನ ಸುಣ್ಣದ ಪಟ್ಟೆಯ ಮೇಲೆ ಒಂದು ಕೆಂಪು ಗೆರೆ ಮೂಡಿತ್ತು. ದಾರದಷ್ಟು ಸಣ್ಣದು. ಒಂದು ಮಗ್ಗುಲಿನಿಂದ ಹೊರಟು ಓರೆಯಾಗಿ ಇನ್ನೊಂದು ಮಗ್ಗುಲಿಗೆ ತಿರುಗಿತ್ತು.

ಕಾಫಿ ಕೈಯಲ್ಲೇ ಆರಿತು. ಈ ಗೆರೆ ನನಗೆ ಗೊತ್ತು. ಫ್ಯಾಕ್ಟರಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಹುಡುಕಲು ಒಂದು ಕೆಂಪು ದ್ರವ ಹಚ್ಚುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಿಬಿಡುತ್ತೇವೆ. ಆಮೇಲೆ ಬಿಳಿ ಪುಡಿ ಸಿಂಪಡಿಸಿದರೆ, ಬಿರುಕಿನೊಳಗೆ ಇಳಿದು ಕೂತಿದ್ದ ಕೆಂಪು ನಿಧಾನವಾಗಿ ಮೇಲೆ ಬಂದು ಬಿಳಿಯ ಮೇಲೆ ಗೆರೆ ಬರೆಯುತ್ತದೆ. ಇಲ್ಲಿ ಅರಿಶಿನದ ನೀರು ಒಳಗೆ ಇಳಿದಿತ್ತು, ಮೇಲೆ ಸುಣ್ಣ ಬಿದ್ದಿತ್ತು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆಂದು ಆರತಿ ತಟ್ಟೆ ಹಿಡಿದ ಯಾವ ಹೆಂಗಸಿಗೆ ಗೊತ್ತಿಲ್ಲ? ಅತ್ತೆಯ ತವರಿನ ಪದ್ಧತಿ ಅರ್ಧ ಗಂಟೆಯಲ್ಲಿ ನನ್ನ ಮೇಜಿನ ಕೆಲಸವನ್ನೇ ಮಾಡಿ ಮುಗಿಸಿತ್ತು.

ನಾನು ಬಾಯಿ ತೆರೆಯುವ ಮೊದಲು ಪಕ್ಕದ ಮನೆಯ ಹೆಂಗಸು ನೋಡಿಬಿಟ್ಟಳು. "ಅಯ್ಯೋ ನೋಡ್ರೇ, ಕಲ್ಲು ಓಕುಳಿ ತಗೊಂಡೈತೆ!" ಎಂದು ಕೂಗಿದಳು. ಎಲ್ಲರೂ ಬಂದು ಮುತ್ತಿಕೊಂಡರು. ಭಾವ ಬಗ್ಗಿ ನೋಡಿದರು, ಅವರ ಮುಖ ಅರಳಿತು. "ಊರಮ್ಮ ಒಪ್ಪವಳೆ ಕಣ್ರೋ! ನಾವು ಕುಂಕುಮ ಇಡದೆ ಇರೋ ಕಡೆ ತಾನೇ ಇಟ್ಕೊಂಡವಳೆ!" ಯಾರೋ ಹಿತ್ತಿಲಿನ ಕನಕಾಂಬರ ಕಿತ್ತು ತಂದು ಕಲ್ಲಿನ ಮೇಲಿಟ್ಟರು. ಇನ್ನೊಬ್ಬರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹತ್ತು ಕಲ್ಲುಗಳಲ್ಲಿ ಸೊಂಟ ಮುರಿದ ಕಲ್ಲು ಯಾವುದೋ ಅದೇ ದೇವರಾಗಿ ಕೂತಿತ್ತು, ಅದರ ಮೇಲೆಯೇ ಸೊಂಟ ಮುರಿದ ನಮ್ಮ ಅತ್ತೆ ಕೂರಬೇಕಾಗಿತ್ತು.

"ಭಾವ, ಅದು ಓಕುಳಿ ಅಲ್ಲ, ಬಿರುಕು" ಎಂದೆ. ಮೆತ್ತಗೆ ಹೇಳಬೇಕಿತ್ತು. ಜೋರಾಗಿಯೇ ಬಂತು.

ಭಾವನ ನಗು ನಿಂತಿತು. "ಪೂಜೆ ಮಾಡಿದ ಕಲ್ಲಿಗೆ ಹಂಗನ್ನಬಾರ್ದಮ್ಮ."

"ಪೂಜೆ ಮಾಡಿದ್ದಕ್ಕೇ ಗೊತ್ತಾಯ್ತು. ಫ್ಯಾಕ್ಟರೀಲಿ ನಾವು ಇದನ್ನೇ..."

"ನಿಮ್ಮ ಫ್ಯಾಕ್ಟರೀಗೂ ನಮ್ಮಪ್ಪನ ಕಲ್ಲಿಗೂ ಏನು ಸಂಬಂಧ? ಮೂವತ್ತು ವರ್ಷ ಚಪ್ಪರ ಹೊತ್ತಿರೋ ಕಲ್ಲು ಅದು. ನೀನು ಬರೋ ಮುಂಚೇನೇ ಅಪ್ಪ ನೆಟ್ಟಿದ್ದು!"

ನನಗೆ ಸಿಟ್ಟು ಬಂದರೆ ಕಣ್ಣಲ್ಲಿ ನೀರು ಬರುತ್ತದೆ, ಅದನ್ನು ನೋಡಿ ಜನ ದುಃಖ ಅಂದುಕೊಳ್ಳುತ್ತಾರೆ, ಅದರಿಂದ ಇನ್ನೂ ಸಿಟ್ಟು ಬರುತ್ತದೆ. ಸೆರಗಿನಲ್ಲಿ ಒರೆಸಿಕೊಂಡೆ. ಬೆಳಿಗ್ಗೆ ಎಂಟಕ್ಕೆ ಕಾಂಕ್ರೀಟು ಬಿದ್ದರೆ ಆ ಕಲ್ಲು ಅಲ್ಲಿಂದ ಏಳುವುದಿಲ್ಲ. ನೇರವಾಗಿ ನಿಂತಿರುವಷ್ಟು ದಿನ ಭಾರ ಹೊರುತ್ತದೆ, ನಿಜ. ಆದರೆ ಮಂಚೆಯ ಮೇಲೆ ಹತ್ತು ಜನ ಓಡಾಡಿದರೆ, ಒಬ್ಬರು ಕಟಕಟೆಗೆ ಒರಗಿದರೆ, ಕಂಬಕ್ಕೆ ಪಕ್ಕದಿಂದ ಒತ್ತಡ ಬೀಳುತ್ತದೆ. ಓರೆ ಬಿರುಕು ಬಾಯಿ ಬಿಡುವುದು ಆಗಲೇ. ನನ್ನ ಕಣ್ಣಿಗೆ ಅತ್ತೆ, ಕುರ್ಚಿ, ಐದು ಅಡಿ ಕೆಳಗಿನ ಬಂಡೆ, ಇಷ್ಟೇ ಕಾಣುತ್ತಿತ್ತು.

ಜಗಳ ಆಡಿ ಗೆಲ್ಲುವ ಮನೆ ನಮ್ಮದಲ್ಲ. ಆದರೆ ಪೂಜೆ ಮಾಡುತ್ತೇನೆ ಅಂದರೆ ಬೇಡ ಅನ್ನುವ ಗಂಡಸು ಈ ಮೂರು ತಾಲ್ಲೂಕಿನಲ್ಲಿ ಹುಟ್ಟಿಲ್ಲ.

"ಅತ್ತೆ, ಒಂದು ಕಲ್ಲಿಗೆ ಮಾತ್ರ ಪೂಜೆ ಮಾಡಿ ಒಂಬತ್ತನ್ನ ಬಿಟ್ರೆ ಹೆಂಗೆ? ಎಲ್ಲಾನೂ ನಿಮ್ಮನ್ನ ಹೊರೋವೇ ಅಲ್ವ?" ಎಂದೆ.

ಅತ್ತೆ ಹೊಸ್ತಿಲಿನಿಂದ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಕಿವಿ ಮಂದವೇ ಹೊರತು ಬುದ್ಧಿ ಮಂದವಲ್ಲ. "ಡಬ್ಬೀಲಿ ಅರಿಶಿನ ಐತೆ, ಪೂರ್ತಿ ತಗೊ. ಸುಣ್ಣಾನೂ ಪಟ್ಟೆ ಗಿಟ್ಟೆ ಬೇಡ, ಮೈತುಂಬ ಬಳಿ" ಅಂದರು.

ಭಾವನಿಗೆ ಸಂತೋಷವೇ ಆಯಿತು. ಸೊಸೆಗೆ ಬುದ್ಧಿ ಬಂತು ಅಂದುಕೊಂಡು ತಾವೇ ನೀರು ಸೇದಿಕೊಟ್ಟರು. ನಾನು ಸೀರೆ ಎತ್ತಿ ಸಿಕ್ಕಿಸಿ ಒಂಬತ್ತು ಕೂಚಗಳಿಗೂ ಅರಿಶಿನ ನೀರು ಹುಯ್ದೆ. ಕುಡಿಯಲಿ ಎಂದು ಸ್ವಲ್ಪ ಹೊತ್ತು ಬಿಟ್ಟೆ. ತೆಂಗಿನ ನಾರಿನಲ್ಲಿ ತಿಕ್ಕಿ, ಒರೆಸಿ, ತೆಳ್ಳಗೆ ಸುಣ್ಣ ಬಳಿದೆ. ಒರಟು ಕಲ್ಲಲ್ಲವೆ, ಅಲ್ಲಲ್ಲಿ ತೆಳು ಗುಲಾಬಿ ಬಣ್ಣ ಎಲ್ಲದಕ್ಕೂ ಬಂತು. ಆದರೆ ಗೆರೆ ಎಂದರೆ ಗೆರೆ, ಅದು ಬೇರೆಯೇ. ಏಳು ಕಲ್ಲು ಬೆಳ್ಳಗೆ ಕೂತವು. ಎರಡರಲ್ಲಿ ಕೆಂಪು ಗೆರೆ ಮೂಡಿತು, ಚೈನ್ ಹಾಕಿ ಎಳೆದಿದ್ದ ಕತ್ತಿನ ಕೆಳಗೆ ಒಂದರಲ್ಲಿ, ನೆಲದಲ್ಲಿ ಹೂತಿದ್ದ ಗುರುತಿನ ಹತ್ತಿರ ಇನ್ನೊಂದರಲ್ಲಿ.

"ಅಬ್ಬಾ, ಮೂರು ಕಲ್ಲಿಗೆ ಒಪ್ಪವಳೆ!" ಅಂದರು ಭಾವ.

ನಾನು ಹಣೆ ಚಚ್ಚಿಕೊಂಡೆ. ಗೋಣಿಚೀಲದ ಮೇಲೆ ಕೂತು ಬೀಡಿ ಹಚ್ಚಿದ್ದ ಮೇಸ್ತ್ರಿ ಕೆಮ್ಮಿದ. ಕೆಮ್ಮಿನಲ್ಲಿ ನಗು ಸೇರಿತ್ತು, ನನಗೆ ಕಾಣಿಸಿತು.

"ಸರಿ ಭಾವ. ಅಮ್ಮ ಒಪ್ಪಿದ ಕಲ್ಲು ಜಾಸ್ತಿ ಗಟ್ಟಿ ಇರ್ಬೇಕಲ್ವ? ನೋಡೇಬಿಡೋಣ. ನೆಡೋ ಮುಂಚೆ ಭಾರ ಹಾಕಿ ನೋಡಿದ್ರೆ ಏನು ನಷ್ಟ?"

"ಹಾಕು. ಬೇಕಾದ್ರೆ ನಾನೇ ಹತ್ತಿ ನಿಂತ್ಕೋತೀನಿ!" ಎಂದು ಭಾವ ಚಪ್ಪಲಿ ಬಿಟ್ಟೇ ಬಿಟ್ಟರು. ಭಾವ ಒಳ್ಳೆಯ ಆಳು, ಬಾಗಿಲಲ್ಲಿ ನಿಂತರೆ ಬೆಳಕು ಬರುವುದಿಲ್ಲ. "ನೀವು ಬೇಡ, ಸಿಮೆಂಟು ಮೂಟೆ ಐತಲ್ಲ" ಎಂದು ತಡೆದೆ. ಅವರ ಮೇಲೆ ಎಷ್ಟೇ ಸಿಟ್ಟಿರಲಿ, ಒಂದು ಮನೆಗೆ ಮುರಿದ ಸೊಂಟ ಒಂದು ಸಾಕು.

ಎರಡು ದಪ್ಪ ಸೈಜುಗಲ್ಲುಗಳನ್ನು ಆರು ಅಡಿ ದೂರದಲ್ಲಿಟ್ಟು, ಮೊದಲು ಒಂದು ಬಿಳಿ ಕಲ್ಲನ್ನು ಅಡ್ಡಲಾಗಿ ಮಲಗಿಸಿದೆವು. ಮೇಸ್ತ್ರಿಯ ಆಳುಗಳು ನಡುವಿಗೆ ಸಿಮೆಂಟು ಮೂಟೆ ಪೇರಿಸುತ್ತಾ ಹೋದರು. ಎಂಟು ಮೂಟೆ ಹೊತ್ತರೂ ಕಲ್ಲು ಮಿಸುಕಲಿಲ್ಲ. ಮೂಟೆ ಇಳಿಸಿ, ಹೂವು ತೆಗೆದು, ಓಕುಳಿಯ ಕಲ್ಲನ್ನು ತಂದು ಮಲಗಿಸಿದರು. ಅಷ್ಟು ಹೊತ್ತಿಗೆ ಬೀದಿಯ ಅರ್ಧ ಜನ ಹಿತ್ತಿಲಲ್ಲಿದ್ದರು.

ಒಂದು ಮೂಟೆ, ಎರಡು ಮೂಟೆ. ಏನೂ ಆಗಲಿಲ್ಲ. ಮೂರು. ಭಾವ ಮೀಸೆಯ ಮೇಲೆ ಕೈಯಾಡಿಸಿದರು. ನಾಲ್ಕನೆಯದು ಬಿದ್ದಾಗಲೂ ಕಲ್ಲು ಗಟ್ಟಿಯಾಗಿ ಕೂತಿತ್ತು. ಸತ್ಯ ಹೇಳುತ್ತೇನೆ, ಆ ಹೊತ್ತಿನಲ್ಲಿ ನಾನು ದೇವರಿಗೆ ಕೈಮುಗಿದು ಕಲ್ಲು ಮುರಿಯಲಿ ಎಂದು ಬೇಡಿಕೊಂಡೆ. ಮುರಿಯದಿದ್ದರೆ ನನ್ನ ಮಾತಿಗೆ ಈ ಮನೆಯಲ್ಲಿ ಇನ್ನು ಬೆಲೆಯಿಲ್ಲ, ಆಮೇಲೆ ಯಾವುದಾದರೂ ದಿನ ಅದು ಅತ್ತೆಯ ಕೆಳಗೆ ಮುರಿದರೆ ನಾನು ಬದುಕಿ ಫಲವಿಲ್ಲ.

"ಸಾಕ್ ಬಿಡಮ್ಮ, ನೋಡಿದ್ದಾಯ್ತಲ್ಲ" ಅಂದರು ಭಾವ.

"ಇನ್ನೊಂದು ಹಾಕ್ರೋ" ಅಂದೆ.

ಐದನೆಯ ಮೂಟೆಯನ್ನು ಆಳುಗಳು ಇಟ್ಟು ಕೈ ತೆಗೆದರು. ದೊಬ್ ಎಂದು ಒಂದೇ ಸದ್ದು. ಕಲ್ಲು ಎರಡಾಗಿ ಬಿತ್ತು, ಮೂಟೆಗಳು ಉರುಳಿದವು, ಸಿಮೆಂಟಿನ ಧೂಳೆದ್ದಿತು. ಧೂಳು ಇಳಿದ ಮೇಲೆ ಎಲ್ಲರೂ ಬಗ್ಗಿ ನೋಡಿದರು. ಕಲ್ಲು ಕೆಂಪು ಗೆರೆಯ ಗುಂಟವೇ ಮುರಿದಿತ್ತು. ಮುರಿದ ಮುಖದ ಅರ್ಧ ಭಾಗಕ್ಕೆ ಅರಿಶಿನದ ಹಳದಿ ಹತ್ತಿತ್ತು. ಅಷ್ಟೂ ಮೊದಲೇ ಬಿಟ್ಟುಕೊಂಡಿದ್ದ ಜಾಗ. ಹೊಸದಾಗಿ ಮುರಿದ ಬಿಳಿ ಕಲ್ಲು ಒಂದು ಬದಿಯಲ್ಲಿ ಮೂರು ಬೆರಳಗಲ ಮಾತ್ರ. ಕಿತ್ತ ಮೇಲೆ ಇಷ್ಟು ದಿನ ಅದು ಒಂದಾಗಿ ಉಳಿದಿದ್ದದ್ದು ಆ ಮೂರು ಬೆರಳಿನ ಮೇಲೆ.

ನಾನು ಕೇಕೆ ಹಾಕಿದೆ. ವಯಸ್ಸಿಗೆ ತಕ್ಕದ್ದಲ್ಲ, ಭಾವನ ಎದುರಿಗಂತೂ ತಕ್ಕದ್ದೇ ಅಲ್ಲ. ಆದರೂ ಎರಡು ಕೈ ಮೇಲೆತ್ತಿ, ಕಬಡ್ಡಿಯಲ್ಲಿ ಗೆದ್ದವರ ಹಾಗೆ, ಕೇಕೆ ಹಾಕಿದೆ. ಫ್ಯಾಕ್ಟರಿಯಲ್ಲಿ ಕೆಂಪು ಚೀಟಿ ಅಂಟಿಸಿದ ತುಂಡನ್ನು ಬುಟ್ಟಿಗೆ ಎಸೆಯುತ್ತಾರೆ, ಕರಗಿಸುತ್ತಾರೆ. ನನ್ನ ಮಾತು ನಿಜವೋ ಸುಳ್ಳೋ ನನಗೇ ಎಂದೂ ತಿಳಿಯುವುದಿಲ್ಲ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಮೊದಲ ಸಲ ನನ್ನ ಕೆಂಪು ಗೆರೆ ಎಲ್ಲರ ಕಣ್ಣೆದುರು ಬಾಯಿ ಬಿಟ್ಟು ಹೌದು ಅಂದಿತ್ತು.

ಮೇಸ್ತ್ರಿ ಹತ್ತಿರ ಬಂದು ತಲೆ ಕೆರೆದುಕೊಂಡ. "ನನಗೂ ಡೌಟಿತ್ತಕ್ಕಾ. ಸಾಯಂಕಾಲ ಸುತ್ತಿಗೇಲಿ ತಟ್ಟಿದ್ರೆ ಮಿಕ್ಕಿದ್ದು ಖಣ್ ಅಂದ್ವು, ಇವು ಮೂರು ಮಾತ್ರ ಬೊದ್ ಅಂದ್ವು. ಮಂಚಿ ರಾಯಿ ಕಾದು, ಒಳ್ಳೇ ಕಲ್ಲಲ್ಲ ಅಂತ ಯಜಮಾನ್ರಿಗೆ ಹೆಂಗ್ ಹೇಳ್ಲಿ?" ಅವನಿಗೆ ನಾನು ಮಾಡಿದ ಮಂಗಳಾರತಿಯಲ್ಲಿ ಕರ್ಪೂರ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಕೆನ್ನೆಗೆ ಕೈ ಹಚ್ಚಿ, "ಪೂಜೆ ಮಾಡಿದ ಕಲ್ಲು ಮುರೀತಲ್ರೀ, ಅಪಶಕುನ ಅಲ್ವ?" ಎಂದಳು. ಭಾವ ತಲೆ ತಗ್ಗಿಸಿಕೊಂಡು ನಿಂತಿದ್ದರು. ಆಗ ಮೇಲಿನಿಂದ ಅತ್ತೆಯ ದನಿ ಬಂತು.

"ನಾನು ಮೇಲೆ ಕೂತಾಗ ಮುರಿದಿದ್ರೆ ಅಪಶಕುನ ಕಣೇ. ನಾನು ಕೂರೋ ಮುಂಚೆ ಮುರೀತಲ್ಲ, ಅದು ನನ್ನ ಪುಣ್ಯ. ಆ ಎರಡು ತುಂಡು ತಗೊಂಡೋಗಿ ತುಳಸಿಕಟ್ಟೆ ಪಾಯಕ್ಕೆ ಹಾಕಿ. ಪೂಜೆ ಆಗಿರೋದು, ತುಳೀಬೇಡಿ."

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆಯನ್ನು ನಾನು ಭಾವನನ್ನು ಹಂಗಿಸುವುದಕ್ಕೆ ಮಾತ್ರ ಇಟ್ಟುಕೊಂಡಿರುತ್ತಿದ್ದೆ. ಮೂರು ಹೋಗಿ ಏಳು ಉಳಿದಿದ್ದವು, ಇನ್ನೊಂದು ಬೇಕಿತ್ತು. ಊಟಕ್ಕೆ ಕೂತಾಗ ನನ್ನ ಗಂಡ, "ಅಣ್ಣ, ಇನ್ನೊಂದು ಕೂಚ ಮನೇಲಿದ್ಯಾ?" ಎಂದು ಕೇಳಿದರು. ಭಾವ ತುತ್ತು ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟರು. ಕಲ್ಲು ಮುರಿದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಐತೆ. ಹನ್ನೆರಡು ಕೂಚ ನಮ್ಮನೆ ಮುಂದೇನೇ ನೆಡ್ಸಿದೀನಿ. ಮೇಲೆ ಶೀಟ್ ಹಾಕ್ಸಿದೀನಿ, ಒಂದು ಮೂಲೇಲಿ ನೀರಿನ ಟ್ಯಾಂಕು. ಎಲ್ಲಾ ಅದೇ ಜೆಸಿಬೀಲಿ ಕಿತ್ತಿದ್ದು." ತುತ್ತನ್ನು ತಟ್ಟೆಗೆ ಬಿಟ್ಟು, "ಮೊಮ್ಮಗಳು ಅಲ್ಲೇ ಜೋಕಾಲಿ ಕಟ್ಕೊಂಡೈತೆ. ನೀನು ನಾಳೆ ಬರ್ತೀಯೇನಮ್ಮ?" ಅಂದರು.

ಅವರನ್ನು ಹಂಗಿಸಲು ನಾಲಿಗೆ ತುದಿಯಲ್ಲಿ ಸಿದ್ಧವಾಗಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. "ಬರ್ತೀನಿ ಭಾವ, ಬೆಳಿಗ್ಗೇನೇ ಹೋಗಣ. ಈಗ್ಲೇ ಫೋನ್ ಮಾಡಿ ಮಗೂನ ಅಲ್ಲಿಂದ ಎಬ್ಬಿಸಕ್ಕೆ ಹೇಳಿ" ಅಂದೆ. ಕಾಂಕ್ರೀಟು ಮುಂದಕ್ಕೆ ಹೋಯಿತು. ಕೈಕೊಟ್ಟು ಹೋಗುತ್ತಿದ್ದ ಮೇಸ್ತ್ರಿಯನ್ನು ನನ್ನ ಗಂಡ ಮೊದಲ ಸಲ ಬಾಯಿ ಬಿಟ್ಟು ಮಾತಾಡಿ ನಿಲ್ಲಿಸಿಕೊಂಡರು.

ಮರುದಿನ ಅರಿಶಿನ, ಸುಣ್ಣ, ನಾರಿನ ಕಟ್ಟು ಹಿಡಿದುಕೊಂಡು ಭಾವನ ಜೊತೆ ಚಿಂತಾಮಣಿ ದಾಟಿ ಅವರ ಮನೆಗೆ ಹೋದೆ. ನೆಟ್ಟ ಕಂಬಗಳಿಗೆ ಸುತ್ತಲೂ ನೀರು ಬಳಿದು, ಒರೆಸಿ, ಸುಣ್ಣ ಹಚ್ಚಿದೆ. ಒಂದೊಂದು ಕಂಬದ ಮುಂದೂ ಭಾವ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಹತ್ತು ಕಂಬ ಬೆಳ್ಳಗೇ ಉಳಿದವು. ಹನ್ನೊಂದನೆಯದು ಜೋಕಾಲಿಯ ಕಂಬ, ಅದೂ ಬೆಳ್ಳಗೇ ಉಳಿಯಿತು. ಭಾವ ಅದನ್ನು ಅಪ್ಪಿಕೊಂಡರು, ಅಂಗಿಯೆಲ್ಲ ಸುಣ್ಣವಾಯಿತು. ಹನ್ನೆರಡನೆಯದು ನೀರಿನ ಟ್ಯಾಂಕಿನ ಕೆಳಗಿನದು. ಅದರ ಎದೆಮಟ್ಟದಲ್ಲಿ ಕೆಂಪು ಗೆರೆ ನಿಧಾನವಾಗಿ ಮೂಡಿ ಕಂಬದ ಮೂರು ಮಗ್ಗುಲು ಸುತ್ತಿತು. ಅದರ ಬುಡದಲ್ಲಿ ನನ್ನ ಓರಗಿತ್ತಿ ಪಾತ್ರೆ ತೊಳೆಯುವ ಕಲ್ಲು, ಕಲ್ಲಿನ ಮೇಲೆ ಅರ್ಧ ತೊಳೆದ ಪಾತ್ರೆಗಳು ಇನ್ನೂ ಇದ್ದವು.

ಭಾವ ಓರಗಿತ್ತಿಯ ಕೈ ಹಿಡಿದು ಅಂಗಳದ ಆಚೆಗೆ ಕರೆದುಕೊಂಡು ಹೋಗಿ ನಿಲ್ಲಿಸಿ ಬಂದರು, ಟ್ಯಾಂಕಿನ ನಲ್ಲಿ ಪೂರ್ತಿ ತಿರುಗಿಸಿದರು. ನೀರೆಲ್ಲ ಅಂಗಳದಲ್ಲಿ ಹರಿದುಹೋಗುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಎರಡು ಕೈ ಜೋಡಿಸಿದರು. ಹಿರಿಯರು ಕೈ ಮುಗಿಯಬಾರದು ಎಂದು ನಾನು ಓಡಿಹೋಗಿ ಕೈ ಬಿಡಿಸಿದೆ, ಇಬ್ಬರೂ ಅತ್ತುಬಿಟ್ಟೆವು.

ಟ್ಯಾಂಕು ಇಳಿಸಿ, ಶೀಟಿನ ಆ ಮೂಲೆಗೆ ಕಬ್ಬಿಣದ ಪೈಪಿನ ಆಸರೆ ಕೊಟ್ಟು ಆ ಕಂಬವನ್ನು ಕಿತ್ತರು. ನಮ್ಮ ಎಂಟನೆಯ ಕಲ್ಲನ್ನು ಭಾವ ಶಿಡ್ಲಘಟ್ಟದ ಕಡೆ ಕಲ್ಲು ಒಡೆಯುವವರ ಹತ್ತಿರ ಹೊಸದಾಗಿಯೇ ಕೊಂಡರು. ಕೊಳ್ಳುವ ಮೊದಲು ಸುತ್ತಿಗೆಯಿಂದ ಮೂರು ಕಡೆ ತಟ್ಟಿ, ಕಿವಿಯಿಟ್ಟು ಕೇಳಿ, ಅರಿಶಿನ ನೀರು ಹುಯ್ದು ನೋಡಿದರಂತೆ. "ಕಲ್ಲು ಕೊಳ್ಳಕ್ಕೆ ಬಂದವ್ರೋ, ಮದುವೆ ಮಾಡಕ್ಕೆ ಬಂದವ್ರೋ?" ಎಂದು ಕಲ್ಲಿನವರು ಕೇಳಿದರೆಂದು ತಾವೇ ಬಂದು ಹೇಳಿಕೊಂಡು ನಕ್ಕರು.

ಮಂಚೆ ಮುಗಿದ ದಿನ ಅತ್ತೆ ಬೀದಿಯ ಹೆಂಗಸರಿಗೆಲ್ಲ ಎಲೆ ಅಡಿಕೆಗೆ ಕರೆದಿದ್ದರು. ಬಾಗಿಲು ತೆಗೆದಾಗ ಸಾಯಂಕಾಲದ ಬಿಸಿಲು ಹಲಗೆಯ ಮೇಲೆ ಬಿದ್ದಿತ್ತು. ಅತ್ತೆ ವಾಕರನ್ನು ಹೊಸ್ತಿಲಾಚೆ ಇಟ್ಟರು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ನಡುವಿಗೆ ಹೋಗಿ ನಿಂತು ವಾಕರಿನಿಂದ ಹಲಗೆಯನ್ನು ಒಮ್ಮೆ ಕುಟ್ಟಿದರು. ನಂತರ ಈಶಾನ್ಯ ಮೂಲೆಯವರೆಗೆ ನಡೆದು ಕುರ್ಚಿಯಲ್ಲಿ ಕೂತು, ಹೊಲದ ಕಡೆ ನೋಡಿ ಉದ್ದಕ್ಕೆ ಉಸಿರು ಬಿಟ್ಟರು. ಹೆಂಗಸರು ಮಾತ್ರ ಹುಣಸೆಮರದ ಕೆಳಗೇ ಗುಂಪಾಗಿ ನಿಂತಿದ್ದರು. ಕಲ್ಲು ಮುರಿದದ್ದನ್ನು ಕಣ್ಣಾರೆ ಕಂಡವರು. ಹತ್ತಲು ಕಾಲು ಬರುತ್ತಿಲ್ಲ, ಬರುವುದಿಲ್ಲ ಎನ್ನಲು ಬಾಯಿ ಬರುತ್ತಿಲ್ಲ.

"ಅಲ್ಲಿಂದಾನೇ ಕೂಗ್ತೀರೇನ್ರೇ ಇನ್ನೂ?" ಅಂದರು ಅತ್ತೆ.

"ಇಷ್ಟು ಜನ ಹತ್ತಿದ್ರೆ ತಡೀತದಾ ಅಂತ..." ಎಂದಳು ಪಕ್ಕದ ಮನೆಯವಳು.

"ಬೀದಿಗೆ ಬೀದೀನೇ ಹತ್ರೇ. ನನ್ನ ಸೊಸೆ ನೋಡವಳೆ."

ಹೆಂಗಸರು ಒಬ್ಬರ ಹಿಂದೆ ಒಬ್ಬರು ಮೆಟ್ಟಿಲು ಹತ್ತಿ ಹೋದರು. ಹಲಗೆ ತುಂಬಿತು, ಅತ್ತೆಯ ಕುರ್ಚಿಯ ಸುತ್ತ ಸೀರೆಗಳೇ ಸೀರೆಗಳು. ಒಂದು ಕಂಬವೂ ಅಲುಗಲಿಲ್ಲ. ಕಂಬಗಳನ್ನು ನೋಡುತ್ತಾ ನಾನು ಕೆಳಗೆ ಒಬ್ಬಳೇ ಉಳಿದಿದ್ದೆ. ಮೇಲೆ ಅಷ್ಟು ಜನರ ನಡುವೆ ಅತ್ತೆ ನಗುವುದು ಕೇಳಿಸುತ್ತಿತ್ತು, ಯಾರೂ ಕೂಗಿ ಮಾತಾಡುತ್ತಿರಲಿಲ್ಲ.